ನಮ್ಮ ಮುಖ ಯಾರ ಕೈಯಲ್ಲಿ?

ಹೆಂಗಸು ಬರೆದರೆ ಅದು ಅಡುಗೆಮನೆ ಸಾಹಿತ್ಯ. ಹಾಡಿದರೆ ಜಾನಪದ. ಸೂಜಿ ಹಿಡಿದರೆ ಹೊತ್ತು ಕಳೆಯುವ ಕಸೂತಿ. ಬಣ್ಣ ಹಿಡಿದರೆ ಹವ್ಯಾಸ. ಇನ್ನು ತನ್ನ ಬಾಳಿನಲ್ಲಿ ಕಂಡುಂಡದ್ದನ್ನು ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಹಾಕಿದರೆ, ತನ್ನ ಮುಖವನ್ನೇ ಫೋಟೋ ತೆಗೆದು ಗೋಡೆಗೆ ತೂಗುಹಾಕಿದರೆ, ಅದಕ್ಕೂ ಒಂದು ಹೆಸರು ಸಿದ್ಧವಿದೆ: ಸ್ವಂತದ ಗೋಳು. “ಗೋಳಿಗೆ ಕಟ್ಟು ಹಾಕಿಸಿದರ ಕಲಾ ಆಗತದೇನ್ರೀ?” ಎಂದು ನಮ್ಮ ಊರುಗಳ ಸಭೆಗಳಲ್ಲಿ ಓದಿದವರೇ ಕೇಳುತ್ತಾರೆ. ಕೇಳಿ ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ನಾವೂ ಸೆರಗು ಅಡ್ಡ ಹಿಡಿದು ನಕ್ಕುಬಿಡುತ್ತೇವೆ. ಆ ನಗೆ ಸಾಕಾಯಿತು. ಅದಕ್ಕೊಂದು ಉತ್ತರ ಕೊಡಬೇಕಾಗಿದೆ.

ಮೊದಲು ಅವರ ವಾದವನ್ನು ಪೂರ್ತಿ ಕೇಳೋಣ. ಅವರು ಹೇಳುವುದು ಮೂರು ಮಾತು. ಒಂದು, ಕಲೆ ಎಲ್ಲರಿಗೂ ಸೇರಿದ್ದು, ಸ್ವಂತ ಅನುಭವ ಒಬ್ಬಳದು. ಆದ್ದರಿಂದ ಅದನ್ನು ಮೀರಿ ಹೋದವನೇ ಕಲಾವಿದ. ಎರಡು, ಅಚ್ಚು ಮತ್ತು ಫೋಟೋ ಯಂತ್ರದ ಕೆಲಸ; ಒಂದರ ಬದಲು ಐವತ್ತು ಪ್ರತಿ ಬರುವ ವಸ್ತುವಿನಲ್ಲಿ ಕೈಚಳಕ ಎಲ್ಲಿದೆ? ಮೂರು, ಇದೆಲ್ಲ ಬೆಂಗಳೂರು, ಮುಂಬಯಿಯವರ ಶೋಕಿ. ಬೈಲಹೊಂಗಲದ ಹೆಂಗಸಿಗೂ ಇದಕ್ಕೂ ಏನು ಸಂಬಂಧ?

ಮೊದಲ ಮಾತಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಈ ವಾದ ಹೂಡುವವರೆಲ್ಲ ವರ್ಷಕ್ಕೊಮ್ಮೆಯಾದರೂ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತುವವರೇ. ಆ ಗುಡ್ಡದ ಕಥೆ ಯಾವುದು? ನೀರಿಗೆ ಹೋದ ಹೆಂಡತಿ ಬರುವುದಕ್ಕೆ ತಡವಾಯಿತು. ಗಂಡನಿಗೆ ಸಂಶಯ ಬಂತು. ಹೆತ್ತ ಮಗನ ಕೈಯಿಂದಲೇ ಆಕೆಯ ತಲೆ ಹೊಡೆಸಿದ. ಇದಕ್ಕಿಂತ ಮನೆಯೊಳಗಿನ ಸುದ್ದಿ ಇನ್ನು ಯಾವುದಿದೆ? ಹೊಸ್ತಿಲ ಹುಣ್ಣಿಮೆಗೆ ಆಕೆಯ ಬಳೆ ಒಡೆಯುತ್ತದೆ. ಜನ ಅದನ್ನು ರಂಡಿ ಹುಣ್ಣಿಮೆ ಎಂದೇ ಕರೆಯುತ್ತಾರೆ. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ಒಬ್ಬ ಹೆಣ್ಣುಮಗಳ ಸಂಸಾರದ ಸಂಕಟವನ್ನು ಒಂದು ನಾಡು ತನ್ನ ಪಂಚಾಂಗದೊಳಗೇ ಬರೆದಿಟ್ಟುಕೊಂಡಿದೆ. ಚಕ್ಕಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು ಲಕ್ಷಗಟ್ಟಲೆ ಮಂದಿ ಬರುವುದು ಆ ಸಂಕಟದ ಬಳಿಗೇ. ರೇಣುಕೆಯದು ಸ್ವಂತದ ಗೋಳು ಎಂದು ಗುಡಿಯ ಬಾಗಿಲಲ್ಲಿ ನಿಂತು ಯಾರಾದರೂ ಹೇಳಲಿ ನೋಡೋಣ!

ಇನ್ನೊಂದು ಸಂಗತಿ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನ ತಂದರು. ಬೀಸುವಾಗ, ಕುಟ್ಟುವಾಗ ಹೆಂಗಸರು ತವರು, ಅಣ್ಣ, ಅತ್ತೆ, ಬಂಜೆತನ, ತೊಟ್ಟಿಲು ಎಂದು ಹಾಡಿಕೊಂಡದ್ದನ್ನು ಅವರು ಪ್ರೀತಿಯಿಂದ ಕೂಡಿಸಿಟ್ಟರು. ಅವರಿಗೆ ನಾವು ಋಣಿಗಳು. ಆಮೇಲೆ ವಿಶ್ವವಿದ್ಯಾಲಯಗಳಲ್ಲಿ ಅಂಥ ಹಾಡುಗಳ ಮೇಲೆ ಭಾಷಣಗಳಾದವು, ಡಾಕ್ಟರೇಟುಗಳಾದವು. ಅಲ್ಲಿ ಯಾರೂ ‘ಗೋಳು’ ಎನ್ನಲಿಲ್ಲ. ಯಾಕೆ? ಹಾಡಿದವಳ ಹೆಸರು ಅಲ್ಲಿ ಕೇಳಿಬರುವುದಿಲ್ಲ. ಕೂಡಿಸಿದವರ ಹೆಸರು ನಮಗೆಲ್ಲ ಗೊತ್ತು. ಬೀಸುಕಲ್ಲಿನ ಮುಂದೆ ಕೂತವಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹೆಸರಿಲ್ಲದ ಹೆಂಗಸಿನ ದುಃಖ ಸಂಪತ್ತು. ಹೆಸರು ಹಚ್ಚಿಕೊಂಡು ಎದುರಿಗೆ ನಿಂತವಳ ದುಃಖ ಗೋಳು. ಅಂದರೆ ತಕರಾರು ಇರುವುದು ಸ್ವಂತ ಅನುಭವದ ಮೇಲಲ್ಲ, ಕೆಳಗೆ ಹಾಕಿದ ಸಹಿಯ ಮೇಲೆ.

ನಮ್ಮ ಸುತ್ತಲಿನ ಚಿತ್ರಗಳಲ್ಲಿ ನಾವು ಇಲ್ಲವೆಂದೇನಲ್ಲ. ಬೇಕಾದಷ್ಟಿದ್ದೇವೆ. ಆದರೆ ಚಿತ್ರ ಮಾಡಿದ ಕೈ ನಮ್ಮದಲ್ಲ. ಕಿತ್ತೂರಿನಿಂದಲೇ ಸುರು ಮಾಡೋಣ. ರಾಣಿ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಥ್ಯಾಕರೆಯ ಪಡೆಯನ್ನು ಸೋಲಿಸಿದಳು. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆಕೆಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು. 1829ರಲ್ಲಿ ಅಲ್ಲಿಯೇ ಸತ್ತಳು. ಸಮಾಧಿ ಅದೇ ಊರಲ್ಲಿದೆ. ಫೋಟೋ ಎಂಬ ವಿದ್ಯೆ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ, ಆಕೆ ಸತ್ತ ಹತ್ತು ವರ್ಷದ ಮೇಲೆ. ಹಾಗಿದ್ದರೂ ಆಕೆಯ ಮುಖ ನಮಗೆಲ್ಲ ಗೊತ್ತು! ನನ್ನ ತಲೆಮಾರಿನವರ ಕಣ್ಣಲ್ಲಿ ಅದು 1961ರ ಸಿನಿಮಾದ ಬಿ. ಸರೋಜಾದೇವಿಯವರ ಮುಖ. ಉಳಿದವರಿಗೆ ಕ್ಯಾಲೆಂಡರಿನ ಮುಖ, ಸರ್ಕಲ್ಲಿನ ಪ್ರತಿಮೆಯ ಮುಖ. 2007ರಲ್ಲಿ ದಿಲ್ಲಿಯ ಸಂಸತ್ತಿನ ಆವರಣದಲ್ಲೂ ಆಕೆಯ ಪ್ರತಿಮೆ ನಿಂತಿತು. ಸಂತೋಷ. ಆದರೆ ಈ ಚಿತ್ರಗಳಲ್ಲಿ ಆಕೆ ಯಾವಾಗಲೂ ಹರೆಯದವಳು, ಯಾವಾಗಲೂ ಕುದುರೆಯ ಮೇಲೆ, ಯಾವಾಗಲೂ ಕತ್ತಿ ಎತ್ತಿದವಳು. ಯುದ್ಧದ ಹೊತ್ತಿಗೆ ಆಕೆ ನಲವತ್ತು ದಾಟಿದ ವಿಧವೆ. ಸೆರೆಯಲ್ಲಿ ನಾಲ್ಕು ವರ್ಷ ಕಳೆದವಳು. ಕಿಟಕಿಯಿಂದ ಬೈಲಹೊಂಗಲದ ಬಯಲು ನೋಡುತ್ತ ಕೂತ ಚೆನ್ನಮ್ಮನ ಚಿತ್ರವನ್ನು ನಮ್ಮೂರಿನ ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ. ಗೆದ್ದ ಹೆಣ್ಣು ಬೇಕು, ಕುಳಿತು ಕಾದ ಹೆಣ್ಣು ಬೇಡ. ಕಾಯುವುದು ಎಂದರೇನು ಎಂಬುದನ್ನು ಒಬ್ಬ ಹೆಂಗಸೇ ಕೆತ್ತಿದ್ದರೆ ಆ ಮುಖ ಹೇಗಿರುತ್ತಿತ್ತು?

ಇದು ರಾಣಿಯ ಮಾತಾಯಿತು. ನಮ್ಮ ಮನೆಗಳ ಮಾತೇನು? ಹಳೆಯ ಕಾಲದಲ್ಲಿ ಹೆಣ್ಣುಮಗಳೊಬ್ಬಳ ಒಂಟಿ ಫೋಟೋ ತೆಗೆಸುತ್ತಿದ್ದದ್ದು ಒಂದೇ ಸಲ, ಗಂಡಿನ ಕಡೆಯವರಿಗೆ ಕಳಿಸಲು. ನನ್ನ ಅಕ್ಕನದೂ ಹಾಗೇ ತೆಗೆಸಿದರು. ಅಕ್ಕನ ಬಣ್ಣ ಕಪ್ಪು. ಎಡ ಹುಬ್ಬಿನ ಮೇಲೆ ಒಂದು ಗಾಯದ ಕಲೆ. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲ ಮೆಟ್ಟಿಲಿಳಿಯುವಾಗ ಬಿದ್ದದ್ದು. ನನಗೆ ಪೆಟ್ಟಾಗದಂತೆ ತಾನು ಕಲ್ಲಿಗೆ ಹಣೆ ಕೊಟ್ಟಿದ್ದಳು. ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಕ್ಕನನ್ನು ಬೆಳ್ಳಗೆ ಮಾಡಿದರು, ಆ ಕಲೆಯನ್ನೂ ಅಳಿಸಿದರು. ಎಲ್ಲ ಸ್ಟುಡಿಯೋಗಳಲ್ಲೂ ಅದು ರೂಢಿ, ಹೇಳದೆಯೇ ಮಾಡುತ್ತಿದ್ದರು. ಮದುವೆಯಾದ ಮೇಲೆ, “ಫೋಟೋದಾಗ ಒಂದು, ಎದುರಿಗೆ ಒಂದು” ಎಂಬ ಮಾತನ್ನು ಅಕ್ಕ ಎಷ್ಟು ವರ್ಷ ಕೇಳಿದಳೋ! ಮೂವತ್ತಾರಕ್ಕೆ ತೀರಿಕೊಂಡಳು. ಹಾರ ಹಾಕಲು ಒಂದು ಫೋಟೋ ಬೇಕಲ್ಲ? ಇದ್ದದ್ದು ಅದೊಂದೇ. ಅದನ್ನೇ ದೊಡ್ಡದು ಮಾಡಿಸಿ, ಹಣೆಗೆ ಕುಂಕುಮದ ಬಣ್ಣ ಹಚ್ಚಿಸಿ, ಕಟ್ಟು ಹಾಕಿಸಿದರು. ಅಕ್ಕನ ಮಕ್ಕಳು ಇಂದಿಗೂ ಆ ಫೋಟೋಕ್ಕೆ ಕೈ ಮುಗಿಯುತ್ತಾರೆ. ಆದರೆ ಅದು ನನ್ನ ಅಕ್ಕನ ಮುಖವಲ್ಲ. ನನ್ನನ್ನು ಕಾಪಾಡಿದ ಗುರುತು ಆ ಮುಖದಲ್ಲಿಲ್ಲ. ಇದು ಗೋಳೇ? ಆಗಲಿ. ಆದರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ಎಷ್ಟು ಮನೆಗಳ ಗೋಡೆಯ ಮೇಲೆ ಹೀಗೆ ಬೆಳ್ಳಗಾದ, ಗುರುತು ಅಳಿಸಿಕೊಂಡ ತಾಯಂದಿರು ತೂಗುತ್ತಿದ್ದಾರೆ ಎಂದು ಲೆಕ್ಕ ಹಾಕಿ. ಒಬ್ಬಳದಾಗಿ ಉಳಿಯುತ್ತದೆಯೇ ಅದು?

ಗುಡ್ಡದ ಮೇಲೆ ಇನ್ನೂ ಒಂದು ಬಗೆ. ಜಾತ್ರೆಯ ಹೊತ್ತಿಗೆ ದೊಡ್ಡ ಕ್ಯಾಮೆರಾದವರು ಬರುತ್ತಾರೆ. ಭಂಡಾರ ಬಡಿದುಕೊಂಡ ಮುಖ, ಜಡೆಗಟ್ಟಿದ ಕೂದಲು, ತಲೆಯ ಮೇಲೆ ಎಲ್ಲಮ್ಮನ ಜಗ ಹೊತ್ತ ಜೋಗತಿ ಅವರಿಗೆ ಬೇಕು. ಆಕೆಯ ಹೆಸರು ಬೇಡ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕರ್ನಾಟಕದ ಕಾನೂನು 1982ರದು. ಬಿಡುವುದಕ್ಕೆ ಕಾನೂನಿನ ತಡೆ ಬಂತು. ಬಿಡಲ್ಪಟ್ಟವಳ ಮುಖವನ್ನು ಕೇಳದೆ ಒಯ್ಯುವುದಕ್ಕೆ ಯಾವ ತಡೆಯೂ ಬರಲಿಲ್ಲ. 2010ರಲ್ಲಿ ದೇವದಾಸಿಯರ ಮೇಲೆ ‘ದೇವರ ವೇಶ್ಯೆಯರು’ ಎಂಬರ್ಥದ ಇಂಗ್ಲಿಷ್ ಹೆಸರಿನ ಒಂದು ಚಿತ್ರ ಬಂತು. ಆಗ ಪಕ್ಕದ ಸಾಂಗಲಿಯ ‘ವ್ಯಾಂಪ್’ ಸಂಘಟನೆಯ ಹೆಂಗಸರು ಏನು ಮಾಡಿದರು ಗೊತ್ತೇ? ಅಳುತ್ತ ಕೂಡಲಿಲ್ಲ. ಆ ಚಿತ್ರವನ್ನು ನೋಡಿ, ತಾವೂ ಒಂದು ಕ್ಯಾಮೆರಾದ ಮುಂದೆ ಕೂತು, ನಮ್ಮ ಮಾತು ತಿರುಚಿದ್ದೀರಿ, ನಮ್ಮ ನಂಬಿಕೆಯನ್ನು ಅಣಕಿಸಿದ್ದೀರಿ ಎಂದು ಎದುರುತ್ತರ ಕೊಟ್ಟು ಅದನ್ನು ಜಗತ್ತಿಗೆ ತೋರಿಸಿದರು. ಕಲಾಶಾಲೆಯ ಮೆಟ್ಟಿಲು ಹತ್ತದವರು ಕಲೆಯ ಮೊದಲ ಪಾಠ ಹೇಳಿಕೊಟ್ಟರು: ಯಾರ ಮುಖವೋ ಅವರದೇ ಮಾತು.

ಇದೇ ಮಾತನ್ನು ಫೋಟೋದಲ್ಲಿ ಆಡಿದವರು ಬೆಂಗಳೂರಿನ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿದವರು, ಬರೋಡದಲ್ಲಿ ಶಿಲ್ಪ ಕಲಿತು, ಶಿಲ್ಪಕ್ಕೇ ಪ್ರಶಸ್ತಿ ಪಡೆದವರು. ತೊಂಬತ್ತರ ದಶಕದ ನಡುವೆ ಅವರು ಉಳಿ ಬಿಟ್ಟು ಕ್ಯಾಮೆರಾದ ಮುಂದೆ ಬಂದು ನಿಂತರು. ಹಿಂದೆ ಅಲ್ಲ, ಮುಂದೆ. 1998ರ ‘ಸುನ್ಹೇರೆ ಸಪ್ನೆ’ ಸರಣಿಯಲ್ಲಿ ಅವರೇ ಮಧ್ಯಮವರ್ಗದ ಗೃಹಿಣಿ, ಅವರೇ ಆ ಗೃಹಿಣಿ ಕನಸಿನಲ್ಲಿ ಕಾಣುವ ಬಂಗಾರದ ಫ್ರಾಕಿನ ಬೆಡಗಿ. ಆ ಕಪ್ಪು ಬಿಳುಪು ಫೋಟೋಗಳಿಗೆ ಹಳೆಯ ಸ್ಟುಡಿಯೋದವರ ರೀತಿಯಲ್ಲೇ ಕೈಯಿಂದ ಬಣ್ಣ ಹಚ್ಚಿಸಿದ್ದಾರೆ. ನನ್ನ ಅಕ್ಕನ ಗುರುತನ್ನು ಅಳಿಸಿದ ಅದೇ ವಿದ್ಯೆ! ಇಲ್ಲಿ ಮಾತ್ರ ಅದು ಆಕೆಯ ಹುಕುಮಿನಂತೆ ನಡೆಯುತ್ತದೆ.

ಆಮೇಲೆ 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿಯವರ ಜೊತೆಗೂಡಿ ಒಂದು ದೊಡ್ಡ ಕೆಲಸ ಮಾಡಿದರು: ‘ದಕ್ಷಿಣ ಭಾರತದ ದೇಶೀ ಹೆಂಗಸರು, ಅವರ ನಡೆನುಡಿ’ ಎಂಬರ್ಥದ ಸರಣಿ. ಹೆಸರೇ ಒಂದು ಚೇಷ್ಟೆ. ಬ್ರಿಟಿಷ್ ಅಧಿಕಾರಿಗಳು ನಮ್ಮ ಜನರನ್ನು ಜಾತಿ, ಕುಲವಾಗಿ ವಿಂಗಡಿಸಿ ಫೋಟೋ ತೆಗೆದು, 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂದು ಎಂಟು ಸಂಪುಟ ಅಚ್ಚು ಹಾಕಿಸಿದ್ದರಲ್ಲ, ಅಂಥ ಪುಸ್ತಕಗಳ ಧಾಟಿ ಅದು. ಈ ಸರಣಿಯಲ್ಲಿ ಪುಷ್ಪಮಾಲಾ ರವಿವರ್ಮನ ಲಕ್ಷ್ಮಿಯಾಗಿ ಕಮಲದ ಮೇಲೆ ನಿಂತಿದ್ದಾರೆ. ಬೆಳದಿಂಗಳಲ್ಲಿ ಕೂತ ರವಿವರ್ಮನ ನಾಯಕಿಯಾಗಿದ್ದಾರೆ. ನಮ್ಮ ಪಕ್ಕದ ಬಿಜಾಪುರದ ಸುಲ್ತಾನರ ಕಾಲದ ಚಿತ್ರದಿಂದ ಎದ್ದುಬಂದ ಯೋಗಿನಿಯಾಗಿದ್ದಾರೆ. ಪೊಲೀಸರು ಹಿಡಿದು ಸಾಲಾಗಿ ನಿಲ್ಲಿಸಿದ ಕಳ್ಳಿಯಾಗಿದ್ದಾರೆ. ಒಂದು ಫೋಟೋದಲ್ಲಂತೂ ಚೌಕಳಿ ಪರದೆಯ ಮುಂದೆ, ಅಳತೆಗೆ ನಿಲ್ಲಿಸಿದ ಬುಡಕಟ್ಟಿನ ಹೆಂಗಸಾಗಿ ನಿಂತಿದ್ದಾರೆ. ಜಾನುವಾರು ಸಂತೆಯಲ್ಲಿ ಹಲ್ಲು ಎಣಿಸಿ ನೋಡುವಂತೆ ಮನುಷ್ಯರನ್ನು ಅಳೆದ ಕಾಲದ ನೆನಪದು.

ರವಿವರ್ಮನ ಹೆಸರು ಬಂದಿದ್ದರಿಂದ ಒಂದು ಮಾತು. ಆತ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ತಯಾರಿಸಿ, ಒಂದರ ಮೇಲೊಂದು ಒತ್ತಿ ತೆಗೆದ ಲಕ್ಷ್ಮಿ, ಸರಸ್ವತಿಯರು ಆಗ ಮುಂಬಯಿ ಪ್ರಾಂತದಲ್ಲೇ ಇದ್ದ ನಮ್ಮ ಸೀಮೆಯ ದೇವರ ಜಗಲಿಗಳಿಗೂ ಬಂದರು. ಆ ಲಕ್ಷ್ಮಿಯ ಮೈಗೆ ಜರಿಯ ಚೂರು, ಚಮಕಿ, ಮಣಿ ಅಂಟಿಸಿ ಸೀರೆ ಉಡಿಸಿದವರು ಮನೆಯ ಹೆಂಗಸರು. ಅಚ್ಚಿನ ದೇವಿಯನ್ನು ತಮ್ಮ ಮನೆಯ ಮಗಳನ್ನಾಗಿ ಮಾಡಿಕೊಂಡರು. ಅದೂ ಕಲೆಯೇ ಎಂದು ಆಗ ಯಾರೂ ಹೇಳಲಿಲ್ಲ. ಪುಷ್ಪಮಾಲಾ ಮಾಡಿದ್ದು ಆ ಕೆಲಸದ ಮುಂದಿನ ಹೆಜ್ಜೆ. ದೇವಿಗೆ ಸೀರೆ ಉಡಿಸಿದವಳೇ ದೇವಿಯ ಜಾಗದಲ್ಲಿ ಹೋಗಿ ನಿಂತಳು. ಅಲ್ಲಿಂದ ನಮ್ಮನ್ನು ನೋಡಿ, ಈ ಕಿರೀಟ ರಟ್ಟಿನದು, ಈ ಕಮಲ ಬಣ್ಣದ್ದು, ನನ್ನನ್ನು ಹೀಗೆ ನಿಲ್ಲಿಸಿದವರು ಯಾರು ಎಂದು ಕೇಳಿದಳು. ಇದು ಆಕೆಯ ಆತ್ಮಕಥೆಯಲ್ಲ, ನಿಜ. ಆದರೆ ನೋಡಿಸಿಕೊಳ್ಳುವುದು ಎಂದರೇನು ಎಂಬುದು ನಮ್ಮೆಲ್ಲರ ಸ್ವಂತ ಅನುಭವ. ಹೆಣ್ಣು ನೋಡಲು ಬಂದವರ ಮುಂದೆ ಅವಲಕ್ಕಿಯ ತಟ್ಟೆ ಹಿಡಿದು ನಿಂತವರಿಗೆ ಆ ಚೌಕಳಿ ಪರದೆಯ ಅರ್ಥ ಬಿಡಿಸಿ ಹೇಳಬೇಕೇ?

ಇನ್ನು ಅಚ್ಚಿನ ಕಲೆಗೆ ಬರೋಣ. ಇದರಲ್ಲಿ ತನ್ನ ಬಾಳನ್ನೇ ಒತ್ತಿ ತೋರಿಸಿದವರು ಜರೀನಾ. ನಮ್ಮ ಕಡೆಯವರಲ್ಲ, 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವರು. ಗಣಿತದ ಪದವೀಧರೆ. ಪ್ಯಾರಿಸ್ಸಿನಲ್ಲಿ ಹೇಟರ್ ಎಂಬ ಗುರುವಿನ ಬಳಿ ಅಚ್ಚಿನ ಕೆಲಸ ಕಲಿತು, ಬಾಳಿನ ಬಹುಪಾಲು ನ್ಯೂಯಾರ್ಕಿನಲ್ಲಿ ಕಳೆದರು. ದೇಶ ಇಬ್ಭಾಗವಾದ ಮೇಲೆ ಅವರ ತಂದೆತಾಯಿ, ಅಕ್ಕ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದರು. ಅಲಿಗಢದ ಮನೆ ಹೋಯಿತು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ತವರು ಮುಚ್ಚಿಹೋಯಿತು. 1994ರಲ್ಲಿ ಜರೀನಾ ‘ತಂದೆಯ ಮನೆ’ ಎಂದು ಆ ಮನೆಯ ನಕ್ಷೆಯನ್ನೇ ಲೋಹದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದರು. 1999ರಲ್ಲಿ ‘ಮನೆ ಎಂಬುದು ಪರಸ್ಥಳ’ ಎಂಬರ್ಥದ ಮೂವತ್ತಾರು ಮರದಚ್ಚುಗಳು ಬಂದವು. ಹೊಸ್ತಿಲು, ಬಾಗಿಲು, ಅಂಗಳ, ಹೀಗೆ ಒಂದೊಂದಕ್ಕೆ ಒಂದು ಉರ್ದು ಶಬ್ದ, ಕೆಲವೇ ಗೆರೆ. ಅತ್ತೆ ಇಲ್ಲ, ಮಾವ ಇಲ್ಲ, ಕಣ್ಣೀರು ಇಲ್ಲ. ಗಣಿತ ಓದಿದವಳ ಲೆಕ್ಕಾಚಾರ. ಆದರೂ ಮದುವೆಯಾಗಿ ಹೋದ ಯಾವ ಹೆಣ್ಣುಮಗಳೂ ಆ ಹೊಸ್ತಿಲಿನ ಎರಡು ಗೆರೆ ನೋಡಿ ಸುಮ್ಮನೆ ಮುಂದೆ ಹೋಗಲಾರಳು.

2004ರ ‘ಮನೆಯಿಂದ ಬಂದ ಪತ್ರಗಳು’ ಇನ್ನೂ ಹೆಚ್ಚಿನದು. ಜರೀನಾರ ಅಕ್ಕ ರಾಣಿ, ತಂದೆತಾಯಿಯರ ಸಾವು, ಮನೆ ಮಾರಿದ್ದು, ಮಕ್ಕಳು ದೂರವಾದದ್ದು, ಎಲ್ಲವನ್ನೂ ತಂಗಿಗೆ ಪತ್ರ ಬರೆದಿದ್ದಳು. ಆದರೆ ಟಪಾಲಿಗೆ ಹಾಕಿರಲಿಲ್ಲ. ಎಷ್ಟೋ ದಿನದ ಮೇಲೆ ಆ ಕಾಗದಗಳು ತಂಗಿಯ ಕೈಗೆ ಬಂದವು. ತಂಗಿ ಆ ಅಕ್ಷರಗಳನ್ನೇ ಅಚ್ಚಾಗಿಸಿ, ಮೇಲೆ ಮನೆಯ ನಕ್ಷೆ, ಊರಿನ ನಕ್ಷೆ ಒತ್ತಿದಳು. ಕಳಿಸದೆ ಇಟ್ಟ ಪತ್ರ! ನಮ್ಮಲ್ಲಿ ಯಾರ ಟ್ರಂಕಿನ ತಳದಲ್ಲಿ ಅಂಥದೊಂದು ಇಲ್ಲ ಹೇಳಿ. ಸ್ವಂತದ್ದನ್ನು ಮೀರಿ ಹೋದಾಗಲೇ ಕಲೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಸ್ವಂತದ್ದರ ತಳ ಮುಟ್ಟಿದರೆ ಅಲ್ಲಿ ಉಳಿದವರೆಲ್ಲ ಇರುತ್ತಾರೆ. ಅಲಿಗಢದ ಮುಸಲ್ಮಾನ ಪ್ರೊಫೆಸರರ ಮಗಳ ಮನೆಯಲ್ಲಿ ಬೈಲಹೊಂಗಲದ ಲಿಂಗವಂತರ ಸೊಸೆ ತನ್ನ ತವರಿನ ಬಾಗಿಲು ಕಾಣುತ್ತಾಳೆ.

ಎರಡನೆಯ ಆಕ್ಷೇಪ, ಅಚ್ಚು ಎಂದರೆ ನಕಲು. ಇದನ್ನು ಹೇಳುವವರು ಒಮ್ಮೆ ಮರದ ಹಲಗೆ ಕೆತ್ತಿ ನೋಡಲಿ. ಗೆರೆ ಉಳಿಯಬೇಕಾದರೆ ಅದರ ಸುತ್ತಲಿನದೆಲ್ಲ ಕೆತ್ತಿ ತೆಗೆಯಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಎಲ್ಲ ತಿರುಮುರುವಾಗಿ ಯೋಚಿಸಬೇಕು. ಒಮ್ಮೆ ಹೋದ ಮರ ಮತ್ತೆ ಬಾರದು. ಮಸಿ ಹಚ್ಚಿ, ಕಾಗದ ಹಾಸಿ, ಸಮನಾಗಿ ಒತ್ತಿದರೆ ಅಚ್ಚು. ಐವತ್ತು ಪ್ರತಿ ಬರುತ್ತದೆಂದರೆ ಐವತ್ತು ಮನೆಗೆ ಹೋಗುತ್ತದೆಂದು ಅರ್ಥ. ಒಂದೇ ಪ್ರತಿ ಇರುವ ಚಿತ್ರ ಒಬ್ಬ ಸಾಹುಕಾರನ ಗೋಡೆಗೆ ಹೋಗಿ ಕೂಡುತ್ತದೆ. ಹಂಚಿಕೊಂಡರೆ ಕಡಿಮೆಯಾಗದ ಕಲೆ ಹೆಂಗಸರಿಗೆ ಹೊಸದೇನಲ್ಲ. ಒಂದು ಹಾಡು, ಒಂದು ರಂಗೋಲಿ, ಒಂದು ಕಸೂತಿಯ ಗೋಪುರ ನಾವು ಹೀಗೇ ಕೈಯಿಂದ ಕೈಗೆ ದಾಟಿಸಿದವರು.

ಸವದತ್ತಿ, ರಾಮದುರ್ಗದ ಹಳ್ಳಿಗಳ ಮುದುಕಿಯರ ಮೊಣಕೈ ನೋಡಿದ್ದೀರಾ? ಹಸಿರು ಹಚ್ಚೆ. ಸೂಜಿಯಿಂದ ಚುಚ್ಚಿ, ಆ ತೂತಿನಲ್ಲಿ ಬಣ್ಣ ಇಳಿಸುವುದು. ತಗಡು ಕೊರೆದು ಗೀರಿನಲ್ಲಿ ಮಸಿ ತುಂಬುವ ಅಚ್ಚಿನ ಕೆಲಸಕ್ಕೂ ಇದಕ್ಕೂ ದೂರವೇನಿಲ್ಲ. 2012ರಲ್ಲಿ ಅಮೆರಿಕದಲ್ಲಿ ಜರೀನಾರ ಬಾಳಿನ ಕೆಲಸದ ದೊಡ್ಡ ಪ್ರದರ್ಶನವಾಯಿತು. ಅದಕ್ಕಿಟ್ಟ ಹೆಸರು ‘ಚರ್ಮದಂಥ ಕಾಗದ’. ನಮ್ಮ ಅಜ್ಜಿಯರ ಪಾಲಿಗೆ ಚರ್ಮವೇ ಕಾಗದವಾಗಿತ್ತು. ಸತ್ತರೆ ಜೊತೆಗೆ ಬರುವುದು ಇದೊಂದೇ ಎಂದು ಅವರು ಹೇಳುತ್ತಿದ್ದರು. ಅಂಥವರ ಮೊಮ್ಮಕ್ಕಳಿಗೆ ಅಚ್ಚು ನಿಮ್ಮದಲ್ಲ ಎನ್ನುತ್ತೀರಾ?

ಮೂರನೆಯ ಆಕ್ಷೇಪಕ್ಕೆ ಅರ್ಧ ಒಪ್ಪುತ್ತೇನೆ. ಪುಷ್ಪಮಾಲಾ, ಜರೀನಾ ಅವರ ಕೆಲಸ ನಮ್ಮ ಊರುಗಳಿಗೆ ಬರಲಿಲ್ಲ, ದೊಡ್ಡ ಊರಿನ ಗ್ಯಾಲರಿಗಳಲ್ಲೇ ಉಳಿಯಿತು. ಅದು ಯಾರ ತಪ್ಪು? ವರ್ಷ ವರ್ಷ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಮಾಡುತ್ತೇವೆ. ಒಬ್ಬ ಹೆಣ್ಣಿನ ಹೆಸರಿನ ಉತ್ಸವ. ಕುಸ್ತಿ ಇರುತ್ತದೆ, ಸಿನಿಮಾ ಹಾಡಿರುತ್ತದೆ. ಈ ನಾಲ್ಕು ಊರುಗಳ ಹೆಂಗಸರು ತಾವೇ ತೆಗೆದ ಫೋಟೋ, ತಾವೇ ಒತ್ತಿದ ಅಚ್ಚು ತೂಗುಹಾಕಲು ಅಲ್ಲೊಂದು ಗೋಡೆ ಕೊಡಿ. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆ ಕೊಡಿ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಜಾಗ ಖಾಲಿ ಬಿಡಬೇಡಿ. ಲಿನೋಲಿಯಂ ತುಂಡು, ಒಂದು ಸಣ್ಣ ಉಳಿ, ಮಸಿ, ಕಾಗದ, ಇಷ್ಟಿದ್ದರೆ ಅಚ್ಚು ಕಲಿಸಬಹುದು. ಯಂತ್ರ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ತಿಕ್ಕಿದರೂ ಚಿತ್ರ ಮೂಡುತ್ತದೆ. ಚಮಚ ನಮ್ಮ ಕೈಯಲ್ಲೇ ಇದೆಯಲ್ಲ.

ನಾವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ. ಈಗ ಪ್ರತಿಯೊಬ್ಬಳ ಸೊಂಟದಲ್ಲೂ ಮೊಬೈಲು, ಮೊಬೈಲಿನಲ್ಲಿ ಕ್ಯಾಮೆರಾ. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಅವರ ಮೊದಮೊದಲ ಫೋಟೋಗಳು ಗಂಡನ ಹೆಸರಿನಲ್ಲಿ ಅಚ್ಚಾಗಬೇಕಾಯಿತು. ನಮಗೆ ಆ ತೊಡಕೂ ಇಲ್ಲ. ಆದರೆ ನಾವು ತೆಗೆಯುವುದೇನು? ಮುಖ ಬೆಳ್ಳಗೆ ಮಾಡುವ ಗುಂಡಿಯನ್ನು ನಾವೇ ಒತ್ತುತ್ತೇವೆ. ಸ್ಟುಡಿಯೋದವನ ಪೆನ್ಸಿಲ್ ಈಗ ನಮ್ಮದೇ ಬೆರಳ ತುದಿಗೆ ಬಂದು ಕೂತಿದೆ. ಅವನು ಅಕ್ಕನ ಒಂದು ಗುರುತು ಅಳಿಸಿದ. ನಾವು ದಿನಕ್ಕೆ ನಾಲ್ಕು ಸಲ ನಮ್ಮನ್ನೇ ಅಳಿಸಿಕೊಳ್ಳುತ್ತಿದ್ದೇವೆ.

ಬೇಡ. ಅವ್ವನ ಒಡೆದ ಹಿಮ್ಮಡಿಯ ಫೋಟೋ ತೆಗೆಯಿರಿ. ರಾಮದುರ್ಗದ ಮಗ್ಗದ ಮನೆಗೆ ಹೋದರೆ, ಮಗ್ಗದ ಮುಂದಿನ ಗಂಡಸಿನ ಜೊತೆಗೆ ಮೂಲೆಯಲ್ಲಿ ಕಂಡಿಕೆ ಸುತ್ತುವವಳದೂ ತೆಗೆಯಿರಿ, ಆಕೆಯನ್ನು ಕೇಳಿ. ಅತ್ತೆಯ ಹಚ್ಚೆಯ ಮೇಲೆ ತೆಳು ಕಾಗದವಿಟ್ಟು ಗೆರೆ ತೆಗೆದುಕೊಳ್ಳಿ. ಮನೆಯ ಹಳೆಯ ಗುಂಪು ಫೋಟೋ ಇಳಿಸಿ, ಹಿಂದೆ ನಿಂತ ಹೆಂಗಸರ ಹೆಸರು ಬಲ್ಲ ಮುದುಕಿ ಇನ್ನೂ ಬದುಕಿರುವಾಗಲೇ, ಹಿಂಬದಿಯಲ್ಲಿ ಹೆಸರು ಬರೆದಿಡಿ. ‘ಇಂಥವರ ಹೆಂಡತಿ’ ಎಂದಲ್ಲ, ಆಕೆಯ ಹೆಸರು. ಗೋಳು ಎಂದು ನಗುವವರು ನಗಲಿ. ನಾವೇ ತೆಗೆದ ಚಿತ್ರದ ಕೆಳಗೆ ನಾವೇ ರುಜು ಹಾಕೋಣ, ದಪ್ಪ ಅಕ್ಷರದಲ್ಲಿ, ಅಳಿಸಲು ಬಾರದ ಮಸಿಯಲ್ಲಿ.